ಸೊಟ್ಟ ಚಕ್ರಗಳ ಅತ್ತೆ

ನನ್ನ ಪರ್ಸಿನಲ್ಲಿ ಒಂದು ಅರ್ಧ ಚಕ್ರ ಇದೆ. ಮರದ್ದು. ಆಟದ ಎತ್ತಿನ ಗಾಡಿಗೆ ಹಾಕುತ್ತಾರಲ್ಲ, ಅಂಥದ್ದು. ಕೆಂಪು ಅರಗಿನ ಬಣ್ಣ, ನಡುವೆ ಗರಗಸದಲ್ಲಿ ಕುಯ್ದ ಗುರುತು. ಅದು ಉರುಳುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಬೆಂಗಳೂರಿನ ಮೆಟ್ರೋ ಗೇಟಿನಲ್ಲಿ ಒಂದು ಸಲ ಆತುರಕ್ಕೆ ಟೋಕನ್ ಅಂತ ಅದನ್ನೇ ಒತ್ತಿ, ಹಿಂದೆ ನಿಂತಿದ್ದ ಅರ್ಧ ಬೆಂಗಳೂರಿನಿಂದ ಬೈಸಿಕೊಂಡಿದ್ದೇನೆ. ಅದಕ್ಕೆ ಬೆಲೆ ಇರುವುದು ಈ ಭೂಮಿಯ ಮೇಲೆ ಒಂದೇ ಊರಿನಲ್ಲಿ. ಕೆಂಗಲ್ಲಿನಲ್ಲಿ ಬಸ್ಸಿಳಿದು ಒಳಗೆ ಆಟೋದಲ್ಲಿ ಹೋಗಬೇಕಾದ ನಮ್ಮೂರಿನಲ್ಲಿ. ಅಲ್ಲಿ ಅದು ಅರ್ಧ ದಿನದ ಆಳಿಗೆ ಸಮ. ಆ ಬೆಲೆ ಕಟ್ಟಿದ ಹೆಂಗಸು ಹೋದ ತಿಂಗಳು ತೀರಿಕೊಂಡರು.

ಅವರು ನನಗೆ ಅತ್ತೆಯಾಗಬೇಕು. ರಕ್ತಸಂಬಂಧ ಏನಿಲ್ಲ. ನಮ್ಮ ಮನೆಯಿಂದ ಮೂರನೇ ಬಾಗಿಲು, ಅಪ್ಪ ಅವರನ್ನು ಅಕ್ಕ ಅನ್ನುತ್ತಿದ್ದ, ಹಾಗಾಗಿ ನನಗೆ ಅತ್ತೆ. ಗಂಡ ಬೇಗ ಹೋಗಿದ್ದರು. ಒಬ್ಬಳೇ ಮಗಳು, ಮಾಗಡಿ ಕಡೆ ಕೊಟ್ಟಿದ್ದರು. ಅತ್ತೆ ಮಾತಾಡುವುದಕ್ಕೆ ಮುಂಚೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸಾಗಿಸುತ್ತಿದ್ದರು. ಅಷ್ಟು ಹೊತ್ತು ಎದುರಿಗಿದ್ದವರು ಕಾಯಬೇಕು. ಆ ಪ್ರಯಾಣ ಮುಗಿಯುವಷ್ಟರಲ್ಲಿ ನಾನು ಎಷ್ಟೋ ಸಲ ಕೇಳದೇ ಇದ್ದ ತಪ್ಪನ್ನೆಲ್ಲ ಒಪ್ಪಿಕೊಂಡುಬಿಟ್ಟಿದ್ದೇನೆ.

ಚಕ್ರದ ಕಥೆ ಹೀಗೆ. ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನೀನು ನನ್ನ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ. ನಡುವೆ ಕೂಲಿ ಇಲ್ಲ. ಕೇಳಲು ಚೆಂದ. ಆದರೆ ಒಂದು ತಿಂಗಳು ಕಳೆದರೆ ಯಾರು ಯಾರ ಮನೆಗೆ ಎಷ್ಟು ದಿನ ಹೋಗಿದ್ದರು ಅನ್ನುವುದೇ ಒಂದು ಜಗಳ. ಅತ್ತೆ ಮದುವೆಗೆ ಮುಂಚೆ ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಯುತ್ತಿದ್ದರು. ಅಲ್ಲಿ ಕೆಲಸ ಬಿಡುವಾಗ, ಸೊಟ್ಟಗಿವೆ ಅಂತ ಗಾಡಿಗೆ ಹಾಕದೆ ಎಸೆದಿದ್ದ ಚಕ್ರಗಳನ್ನು ಒಂದು ಚೀಲ ತುಂಬಾ ಕೇಳಿ ತಂದಿದ್ದರಂತೆ. ಜಗಳ ಜಾಸ್ತಿಯಾದ ಒಂದು ವರ್ಷ ಆ ಚೀಲ ಬಿಚ್ಚಿದರು. ಒಂದು ದಿನ ಬಂದು ಗೇದರೆ ಒಂದು ಚಕ್ರ. ನಿನಗೆ ಆಳು ಬೇಕಾದಾಗ ಚಕ್ರ ಕೊಟ್ಟು ಕರಿ. ಅಷ್ಟೇ. ಊರಿನ ಹೆಂಗಸರು ಅವನ್ನು ದಾರಕ್ಕೆ ಪೋಣಿಸಿ ದೇವರ ಪಟದ ಮೊಳೆಗೆ ನೇತುಹಾಕಿಕೊಂಡರು. ಜಗಳ ನಿಂತಿತು ಅಂತ ಹೇಳಲಾರೆ, ಬೇರೆ ವಿಷಯಕ್ಕೆ ಹೋಯಿತು.

ಅತ್ತೆ ಒಂದು ನಿಯಮ ಮಾಡಿದ್ದರು. ನಮ್ಮೂರು ರೇಷ್ಮೆಯ ಊರು. ಹುಳ ಸೊಪ್ಪು ತಿಂದೂ ತಿಂದೂ ಒಂದು ದಿನ ಹಣ್ಣಾಗುತ್ತದೆ. ಅಂದರೆ ಮೈ ಬೆಳ್ಳಗಿದ್ದದ್ದು ಬಂಗಾರದ ಬಣ್ಣಕ್ಕೆ ತಿರುಗಿ, ತಿನ್ನುವುದು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆವತ್ತೇ ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಹಾಕಬೇಕು. ನಾಳೆ ಅನ್ನುವ ಮಾತೇ ಇಲ್ಲ. ಹಾಗಾಗಿ ಯಾವ ಮನೆಯಲ್ಲಿ ಹುಳ ಹಣ್ಣಾದರೂ ಉಳಿದ ಕೆಲಸ ಎಲ್ಲ ನಿಲ್ಲಬೇಕು, ಆವತ್ತಿನ ದಿನಕ್ಕೆ ಒಂದಲ್ಲ, ಒಂದೂವರೆ ಚಕ್ರ. ಯಾವತ್ತು ಒಂದು, ಯಾವತ್ತು ಒಂದೂವರೆ ಅಂತ ಬೆಳಿಗ್ಗೆ ಎದ್ದು ನಾಲ್ಕು ಮನೆಯ ತಟ್ಟೆ ನೋಡಿ ಬಂದು ಅತ್ತೆ ಹೇಳುತ್ತಿದ್ದರು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವ್ವ ನನ್ನನ್ನು ಮೂಲೆಮನೆ ಚಿಕ್ಕಮ್ಮನ ಮನೆಗೆ ಮುಯ್ಯಿಗೆ ಕಳಿಸಿದಳು. ಹಣ್ಣು ಹುಳ ಆರಿಸುವ ಕೆಲಸ. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆ ಎತ್ತದೆ ಆರಿಸಿದೆ. ಸಂಜೆ ಚಿಕ್ಕಮ್ಮ ನೋಡಿದರೆ, ಹಸಿ ಹುಳವನ್ನೆಲ್ಲ ಚಂದ್ರಿಕೆಗೆ ಏರಿಸಿ, ಹಣ್ಣು ಹುಳವನ್ನೆಲ್ಲ ವಾಪಸ್ ಸೊಪ್ಪಿನ ಮೇಲೆ ಮಲಗಿಸಿದ್ದೆ. ಇಡೀ ತಾಲ್ಲೂಕಿನಲ್ಲಿ ಈ ಕೆಲಸವನ್ನು ಇಷ್ಟು ನಿಷ್ಠೆಯಿಂದ ತಲೆಕೆಳಗು ಮಾಡಿದವನು ಇನ್ನೊಬ್ಬನಿಲ್ಲ. ಚಿಕ್ಕಮ್ಮ, ಇವನಿಗೆ ಚಕ್ರ ಕೊಡುವುದಿರಲಿ, ಇವನ ಹತ್ತಿರವೇ ಎರಡು ಕಿತ್ತುಕೊಳ್ಳಿ ಅಂದರು. ಅತ್ತೆ ಕಿತ್ತುಕೊಳ್ಳಲಿಲ್ಲ, ಚಕ್ರವನ್ನೂ ಕೊಡಿಸಲಿಲ್ಲ.

ಬರಿಗೈ ಅಂದರೆ ಅವ್ವನ ಬಾಯಿಗೆ ಸಿಗಬೇಕಲ್ಲ, ಒಂದೂವರೆ ಇಲ್ಲ, ಒಂದೇ ಚಕ್ರ, ಅದೂ ನಾಳೆ ಕೊಡುತ್ತಾರಂತೆ ಅಂದುಬಿಟ್ಟೆ. ಮಾರನೆಯ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಚನ್ನಪಟ್ಟಣಕ್ಕೆ ಹೋದೆ. ಅಂಗಡಿಯಲ್ಲಿ ಒಂದು ಆಟದ ಗಾಡಿ ಕೊಂಡು, ಬಸ್ ಸ್ಟ್ಯಾಂಡಿನಲ್ಲೇ ಕೂತು ಅದರ ಒಂದು ಚಕ್ರ ಕಿತ್ತೆ. ಆ ಗಾಡಿಯ ಬೆಲೆಗೆ ನಿಜವಾದ ಆಳನ್ನೇ ಕರೆಯಬಹುದಿತ್ತು ಅನ್ನುವುದು ಹೊಳೆದದ್ದು ವಾಪಸ್ ಬರುವಾಗ. ಚಕ್ರಕ್ಕೆ ಮಣ್ಣು ಬಳಿದು, ಕೊಟ್ಟಿಗೆಯಲ್ಲಿ ಹೊಗೆ ಹಿಡಿದು, ಹಳೆಯದು ಮಾಡಿ ದಾರಕ್ಕೆ ಪೋಣಿಸಿದೆ. ವಾರದ ನಂತರ ಅತ್ತೆಯನ್ನು ಆಳಿಗೆ ಕರೆಯಲು ಅವ್ವ ನನ್ನ ಕೈಲೇ ಅದನ್ನು ಕಳಿಸಿದಳು. ಎಲೆಅಡಿಕೆ ಎಡದಿಂದ ಬಲಕ್ಕೆ ಹೋಯಿತು. ಅತ್ತೆ ಚಕ್ರವನ್ನು ನೆಲದ ಮೇಲೆ ಉರುಳಿಸಿದರು. ಅದು ಪಡಸಾಲೆ ದಾಟಿ, ಹೊಸ್ತಿಲು ಹಾರಿ, ಬೀದಿಗಿಳಿದು ಎದುರುಮನೆಯ ಎಮ್ಮೆಯ ಕಾಲಿಗೆ ಬಡಿದು ನಿಂತಿತು.

‘ಲೇ, ನಿಂದು ನೆಟ್ಟಗೆ ಓಡ್ತದೆ ಕಣ್ಲಾ’ ಅಂದರು ಅತ್ತೆ. ‘ನಮ್ಮವು ಒಂದೂ ಓಡಲ್ಲ.’

ಆಮೇಲೆ ಗರಗಸ ತರಿಸಿ ಅದನ್ನು ಎರಡು ಹೋಳು ಮಾಡಿದರು. ಚನ್ನಪಟ್ಟಣಕ್ಕೆ ಹೋಗಿ ಬಂದದ್ದೂ ಅರ್ಧ ದಿನದ ಕೆಲಸವೇ, ಅದಕ್ಕೆ ಇದು ಅಂತ ಒಂದು ಹೋಳು ನನಗೆ ಕೊಟ್ಟರು. ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು, ‘ನೆಟ್ಟಗೆ ಒಂದ್ ದಿನ ಗೇದಾಗ ಇದ್ನೂ ತಕಂಡ್ ಹೋಗು’ ಅಂದರು. ಮುಂದೆ ಅರ್ಥಶಾಸ್ತ್ರದ ಮೇಷ್ಟ್ರು ಅಪಮೌಲ್ಯ ಅಂದರೇನು ಅಂತ ಕೇಳಿದಾಗ ಇಡೀ ಕ್ಲಾಸಿನಲ್ಲಿ ಕೈ ಎತ್ತಿದವನು ನಾನೊಬ್ಬನೇ.

ಆ ಮೇಷ್ಟ್ರೇ ನನ್ನನ್ನು ಚರ್ಚಾಸ್ಪರ್ಧೆಗೆ ನೂಕಿದ್ದು. ರಾಮನಗರದಲ್ಲಿ ಅಂತರಕಾಲೇಜು ಸ್ಪರ್ಧೆ. ವಿಷಯ: ಒಂದು ದೇಶ ಹಲವು ದೇಶಗಳ ಒಂದೇ ಕರೆನ್ಸಿಯ ಒಕ್ಕೂಟಕ್ಕೆ ಸೇರಬೇಕೇ? ನಾನು ಸೇರಬೇಕು ಅನ್ನುವ ಪರ. ಯಾಕೆ ಪರ ಅಂದರೆ ಪರದ ಕಡೆಯ ಪಾಯಿಂಟುಗಳು ಗೈಡಿನಲ್ಲಿ ಮೊದಲು ಬರುತ್ತವೆ, ಪುಟ ತಿರುಗಿಸುವ ಕಷ್ಟ ಇಲ್ಲ.

ಅವ್ವನ ಮುಂದೆ ಅಭ್ಯಾಸ ಶುರು ಮಾಡಿದೆ. ನಮ್ಮ ಕಡೆ ಕರೆನ್ಸಿ ಅಂದರೆ ಫೋನಿಗೆ ಹಾಕಿಸುವುದು, ಒಕ್ಕೂಟ ಅಂದರೆ ಹಾಲಿನ ಡೈರಿಯದು. ಅವ್ವ ಹಾಲು ಕರೆಯುತ್ತಾ, ಅಂದರೆ ಇನ್ನು ಮೇಲೆ ಒಕ್ಕೂಟದವರೇ ಎಲ್ಲರಿಗೂ ಕರೆನ್ಸಿ ಹಾಕಿಸುತ್ತಾರಾ ಅಂತ ಕೇಳಿದಳು. ನಾನು ಭಾಷಣದ ಗುಂಗಿನಲ್ಲಿ ಹ್ಞೂ ಅಂದುಬಿಟ್ಟೆ. ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನಿಗಿಂತ ಫೋನುಗಳೇ ಹೆಚ್ಚಿದ್ದವು. ಡೈರಿಯ ಕಾರ್ಯದರ್ಶಿ ಇಡೀ ವಾರ ನಮ್ಮ ಮನೆಯ ಹಾಲಿಗೆ ನೀರು ಹಾಕಿದ್ದೀರಾ ಅಂತ ಎರಡೆರಡು ಸಲ ಪರೀಕ್ಷೆ ಮಾಡಿದ.

ಅವ್ವನಿಂದ ಪ್ರಯೋಜನವಿಲ್ಲ ಅಂತ ಅತ್ತೆಯ ಹತ್ತಿರ ಹೋದೆ. ಅವರು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ನಾನು ಎದುರಿಗೆ ನಿಂತು ಒಪ್ಪಿಸಿದೆ. ಯುರೋಪಿನಲ್ಲಿ ಒಂದೊಂದು ದೇಶಕ್ಕೆ ಒಂದೊಂದು ದುಡ್ಡಿತ್ತು, ಗಡಿ ದಾಟಿದರೆ ಬದಲಾಯಿಸಬೇಕಿತ್ತು, ಬದಲಾಯಿಸುವವನು ನಡುವೆ ಕೀಳುತ್ತಿದ್ದ. ಈಗ ಹಲವು ದೇಶ ಸೇರಿ ಒಂದೇ ದುಡ್ಡು. ವ್ಯಾಪಾರ ಸಲೀಸು, ಪಕ್ಕದ ದೇಶದ ದುಡ್ಡು ನಾಳೆ ಬಿದ್ದುಹೋಗುತ್ತದೆ ಅನ್ನುವ ಭಯವಿಲ್ಲ, ದುಡ್ಡು ಎಷ್ಟು ಬಿಡಬೇಕು, ಬಡ್ಡಿ ಎಷ್ಟು ಅಂತ ಎಲ್ಲರ ಪರವಾಗಿ ಒಂದೇ ದೊಡ್ಡ ಬ್ಯಾಂಕು ಹೇಳುತ್ತದೆ. ಚಿಕ್ಕ ದೇಶಕ್ಕೂ ದೊಡ್ಡ ದೇಶಕ್ಕೂ ಒಂದೇ ಮರ್ಯಾದೆ. ಇದನ್ನೆಲ್ಲ ನಾನು ಕೈ ಬೀಸಿ ಹೇಳಿದೆ, ಸೊಪ್ಪಿನ ಬುಟ್ಟಿ ಒಂದು ಉರುಳಿತು.

ಅತ್ತೆ ಕತ್ತಿ ನಿಲ್ಲಿಸಿದರು. ಎಲೆಅಡಿಕೆ ಸಾಗಿತು.

‘ಎಲ್ರುಗೂ ಒಂದೇ ದುಡ್ಡು. ಸರಿ. ಎಲ್ರುಗೂ ಒಂದೇ ಮಳೆನಾ?’

ನಾನು ಗೈಡು ತಿರುವಿದೆ. ಮಳೆ ಇರಲಿಲ್ಲ. ಅತ್ತೆಯೇ ಬಿಡಿಸಿ ಹೇಳಿದರು: ಒಂದು ಊರಲ್ಲಿ ಮಳೆ ಹೋಯಿತು ಅನ್ನು, ಇನ್ನೊಂದು ಊರಲ್ಲಿ ಕೆರೆ ಕೋಡಿ ಬಿತ್ತು ಅನ್ನು. ಮಳೆ ಹೋದ ಊರು ತನ್ನ ಚಕ್ರದ ಲೆಕ್ಕ ಒಂದಿಷ್ಟು ಸಡಿಲ ಮಾಡಿಕೊಂಡು ಹೇಗೋ ಬದುಕಿಕೊಳ್ಳುತ್ತಿತ್ತು. ಈಗ ಆ ಲೆಕ್ಕ ದೊಡ್ಡ ಬ್ಯಾಂಕಿನ ಕೈಯಲ್ಲಿದೆ. ಆ ಬ್ಯಾಂಕು ಯಾವ ಊರಿನ ಮಳೆ ನೋಡಿ ಹೇಳುತ್ತದೆ? ಹೋಗಲಿ, ಮಳೆ ಬಂದ ಊರಿನವರು ಮಳೆ ಹೋದ ಊರಿನವರಿಗೆ ಬಂದು ಗೇಯುತ್ತಾರಾ? ಬರುತ್ತಾರೆ ಅಂದರೆ ಸೇರಲಿ. ಬರುವುದಿಲ್ಲ ಅಂದರೆ ಅದು ಒಕ್ಕೂಟ ಅಲ್ಲ, ಒಂದೇ ಹಗ್ಗಕ್ಕೆ ಎಲ್ಲ ದನ ಕಟ್ಟಿದ ಹಾಗೆ. ಹೀಗಂದು ಅತ್ತೆ ಮತ್ತೆ ಸೊಪ್ಪು ಹೆಚ್ಚಲು ಶುರು ಮಾಡಿದರು.

ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಸ್ಪರ್ಧೆಯಲ್ಲಿ ವಿರೋಧದ ಕಡೆಯಿಂದ ಕನಕಪುರದ ಹುಡುಗಿಯೊಬ್ಬಳು ಎದ್ದು, ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಪದ ಹಾಕಿ ಕೇಳಿದಳು. ನನ್ನ ಬಾಯಿಂದ ಬಂದ ಉತ್ತರ: ಮಳೆ ಹವಾಮಾನ ಇಲಾಖೆಗೆ ಸೇರಿದ ವಿಷಯ. ಪರದ ಕಡೆ ನಾವು ಮೂವರಿದ್ದೆವು. ನನಗೆ ಮೂರನೇ ಸ್ಥಾನ ಬಂತು. ಅವ್ವ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹುಳದ ಮನೆಯ ಗೋಡೆಗೆ ನೇತುಹಾಕಿದಳು.

ಆದರೆ ಆವತ್ತು ಕೇಳುಗರಲ್ಲಿ ಒಬ್ಬರು ನನ್ನ ಭಾಷಣವನ್ನು ಮೆಚ್ಚಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನ ಹೆಂಗಸರ ಸಂಘಗಳನ್ನು ಸೇರಿಸಿ ಒಂದು ಮುಯ್ಯಾಳು ಒಕ್ಕೂಟ ಮಾಡಲು ಓಡಾಡುತ್ತಿದ್ದ ಸಂಯೋಜಕರು ಅವರು. ಒಳ್ಳೆಯ ಮನುಷ್ಯ, ಯಾವಾಗಲೂ ಬಿಳಿ ಅಂಗಿ. ನಾಲ್ಕೂ ತಾಲ್ಲೂಕಿಗೆ ಒಂದೇ ಹಳದಿ ಪ್ಲಾಸ್ಟಿಕ್ ಬಿಲ್ಲೆ. ಒಂದು ದಿನದ ಕೆಲಸಕ್ಕೆ ಒಂದು ಬಿಲ್ಲೆ, ಯಾವ ಊರಲ್ಲಿ ಗೇದರೂ ಸರಿ, ಯಾವ ಊರಿನವರನ್ನು ಕರೆದರೂ ಸರಿ. ಒಂದು ಫೋನ್ ನಂಬರಿಗೆ ಹೇಳಿದರೆ ಸರದಿಯ ಪ್ರಕಾರ ಆಳು ಬರುತ್ತದೆ. ನೀವು ನಿಮ್ಮೂರಿನವರಿಗೆ ತಿಳಿಸಿ ಹೇಳಬೇಕು ಅಂತ ನನ್ನ ಹೆಗಲ ಮೇಲೆ ಕೈ ಇಟ್ಟರು. ಅಲ್ಲಿಯವರೆಗೆ ನನ್ನ ಹೆಗಲ ಮೇಲೆ ಕೈ ಇಟ್ಟವರೆಲ್ಲ ಪಕ್ಕಕ್ಕೆ ಸರಿ ಅನ್ನುವವರೇ.

ಡೈರಿಯ ಜಗಲಿಯ ಮೇಲೆ ಸಭೆ ಆಯಿತು. ನಾನು ಮಾತಾಡಿದೆ. ತವರು ಕನಕಪುರದಲ್ಲಿರುವವಳು ಇಲ್ಲಿ ಗೇದ ದಿನವನ್ನು ಅಲ್ಲಿ ತಾಯಿಯ ಹೊಲಕ್ಕೆ ಕಳಿಸಬಹುದು ಅಂದಾಗ ನಾಲ್ಕೈದು ಹೆಂಗಸರು ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಬೇಡ ಅಂದರು. ಆಗ ಮೂಲೆಮನೆ ಚಿಕ್ಕಮ್ಮ ಎದ್ದರು. ಅವರ ನಾಲಿಗೆಗೆ ಇಡೀ ಊರು ಹೆದರುತ್ತದೆ.

‘ಯಾಕಕ್ಕ ಬ್ಯಾಡ? ನಿನ್ ಮಗ್ಳು ಮಾಗ್ಡೀಲಿ ಒಬ್ಳೇ ರಾಗಿ ಕಳೆ ಕೀಳ್ತಾ ಕುಂತವ್ಳೆ. ಬಿಲ್ಲೆ ಬಂದ್ರೆ ಅವ್ಳಿಗೆ ನಾಕ್ ಆಳ್ ಹೋಯ್ತವೆ. ಎಲ್ರುಗಿಂತ ಲಾಭ ನಿಂಗೇಯ.’

‘ಅದ್ಕೇ ಹೆದ್ರುಕೆ’ ಅಂದರು ಅತ್ತೆ. ‘ನಂಗೂ ಆಸೆ ಆಯ್ತಾ ಐತೆ. ಆಸೆ ಆದಾಗ ನಾನು ಒಂದ್ ದಿನ ತಡೀತೀನಿ.’

ಯಾರೂ ತಡೆಯಲಿಲ್ಲ. ಕೈ ಎತ್ತಿಸಿದಾಗ ಸೇರಬೇಕು ಅನ್ನುವವರೇ ಹೆಚ್ಚು. ನನ್ನ ಜೀವಮಾನದಲ್ಲಿ ನನ್ನ ಭಾಷಣ ಗೆದ್ದದ್ದು ಅದೊಂದೇ ಸಲ. ಅತ್ತೆ ಮುನಿಸಿಕೊಂಡು ಹೋಗಲಿಲ್ಲ. ಚಕ್ರದ ಚೀಲವನ್ನು ಮೊಳೆಗೆ ನೇತುಹಾಕಿ, ಮಾರನೆಯ ದಿನವೇ ಹಳದಿ ಬಿಲ್ಲೆಗೆ ಕೆಲಸಕ್ಕೆ ಹೊರಟರು. ಅವರು ಸಂಪಾದಿಸಿದ ಬಿಲ್ಲೆಗೆ ಮಗಳ ಹೊಲಕ್ಕೆ ನಿಜವಾಗಿಯೂ ನಾಲ್ಕು ಆಳು ಹೋದರು. ಮಗಳು ಫೋನಿನಲ್ಲಿ ಅತ್ತಳಂತೆ. ಒಪ್ಪಬೇಕು ಕಣ್ಲಾ, ಇದು ಒಳ್ಳೇದೇ ಮಾಡ್ತು ಅಂತ ಅತ್ತೆಯೇ ನನಗೆ ಹೇಳಿದರು. ನಾನು ಎರಡು ದಿನ ಕಾಲರ್ ಎತ್ತಿಕೊಂಡು ಓಡಾಡಿದೆ.

ಮೂರನೆಯ ವಾರ ಕನಕಪುರದ ಆಚೆ ದೊಡ್ಡಆಲಹಳ್ಳಿ ಕಡೆಯ ಒಂದು ಊರಿನಿಂದ ಕರೆ ಬಂತು. ಬೇಗ ಬಿತ್ತಿದ್ದ ಕಾರು ರಾಗಿಯ ಕುಯ್ಲು. ಮೋಡ ಕಟ್ಟಿದೆ, ಇವತ್ತೇ ಆಗಬೇಕು. ಅವರ ಹತ್ತಿರ ಬಿಲ್ಲೆ ಇತ್ತು, ಸರದಿಯೂ ಅವರದೇ. ನಮ್ಮೂರಿನ ಹೆಂಗಸರು ಬೆಳಿಗ್ಗೆ ಟೆಂಪೋ ಹತ್ತಿ ಹಾಡು ಹೇಳಿಕೊಂಡು ಹೋದರು. ಟೆಂಪೋ ಹೋಗಿ ಒಂದು ಗಂಟೆಯಾಗಿರಲಿಲ್ಲ, ನಮ್ಮ ಮನೆಯ ಹುಳ ಹಣ್ಣಾಗಲು ಶುರುವಾಯಿತು. ಒಂದು ತಟ್ಟೆಯದಲ್ಲ, ಎಲ್ಲ ತಟ್ಟೆಯದೂ.

ಹಳೆಯ ಲೆಕ್ಕದಲ್ಲಾಗಿದ್ದರೆ ಅತ್ತೆ ಬೆಳಿಗ್ಗೆ ತಟ್ಟೆ ನೋಡಿ ಒಂದೂವರೆ ಅಂದಿರುತ್ತಿದ್ದರು, ಟೆಂಪೋ ಹೊರಡುತ್ತಿರಲಿಲ್ಲ. ಈಗ ಒಂದೂವರೆ ಇಲ್ಲ; ನಾಲ್ಕು ತಾಲ್ಲೂಕಿಗೂ ಒಂದು ದಿನ ಅಂದರೆ ಒಂದೇ. ನಾನು ಆ ನಂಬರಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ ನಿಮ್ಮ ಸರದಿ ಮೂರು ದಿನಕ್ಕೆ ಬರುತ್ತದೆ ಸರ್ ಅಂದಳು. ನಾನು ಹುಳದ ಮನೆಗೆ ವಾಪಸ್ ಬಂದು ನೋಡಿದೆ. ಹುಳಗಳಿಗೆ ಮೂರು ದಿನ ಕಾಯುವ ಉದ್ದೇಶ ಇದ್ದ ಹಾಗೆ ಕಾಣಲಿಲ್ಲ.

ಅಪ್ಪ, ಅವ್ವ, ನಾನು. ನಮ್ಮಲ್ಲಿ ಹಣ್ಣು ಯಾವುದು, ಹಸಿ ಯಾವುದು ಅಂತ ಗೊತ್ತಿದ್ದವರು ಇಬ್ಬರು. ಅಷ್ಟರಲ್ಲಿ ಅತ್ತೆ ಬಂದರು. ಹಿಂದಿನ ಸಂಜೆಯೇ ನಮ್ಮ ತಟ್ಟೆ ನೋಡಿ ಅನುಮಾನ ಬಂದು, ಟೆಂಪೋ ಹತ್ತದೆ ಉಳಿದಿದ್ದರಂತೆ. ಆವತ್ತಿನ ಬಿಲ್ಲೆ ಹೋದರೆ ಹೋಗಲಿ ಅಂತ. ಬರೀ ಅನುಮಾನದ ಮೇಲೆ ಟೆಂಪೋ ನಿಲ್ಲಿಸುವ ಅಧಿಕಾರ ಈಗ ಅವರಿಗಿರಲಿಲ್ಲ. ಜೊತೆಗೆ ಕೂತರೆ ಏಳಲಾರದ ಮೂರು ಮುದುಕಿಯರನ್ನು ಕೈಹಿಡಿದು ಕರೆತಂದಿದ್ದರು. ಸಂಜೆಯವರೆಗೆ ಆರಿಸಿದೆವು. ಅರ್ಧ ಬೆಳೆ ಉಳಿಯಿತು. ಉಳಿದರ್ಧ ಸಿಕ್ಕ ಸಿಕ್ಕ ಕಡೆ ಗೂಡು ಕಟ್ಟಿತು: ತಟ್ಟೆಯ ಅಂಚಿನಲ್ಲಿ, ತೊಲೆಯಲ್ಲಿ, ಅಪ್ಪನ ಟವೆಲಿನಲ್ಲಿ. ನನ್ನ ಮೂರನೇ ಸ್ಥಾನದ ಪ್ರಮಾಣಪತ್ರದ ಮೇಲೆ, ‘ಒಂದೇ ಕರೆನ್ಸಿ’ ಅನ್ನುವ ಅಕ್ಷರ ಮುಚ್ಚುವ ಹಾಗೆ ಏಳು ಗೂಡು. ಮಾರುಕಟ್ಟೆಯಲ್ಲಿ ಅವನ್ನು ಯಾರೂ ಕೇಳಲಿಲ್ಲ.

ಅವ್ವ ಬೈಯಲಿಲ್ಲ, ಸುಮ್ಮನೆ ತಟ್ಟೆ ಗುಡಿಸುತ್ತಿದ್ದಳು. ಆರು ತಿಂಗಳ ಖರ್ಚು ಆ ತಟ್ಟೆಗಳ ಮೇಲಿತ್ತು. ನನಗೆ ಅದು ತಡೆಯಲಾಗಲಿಲ್ಲ. ಹೊರಗೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ, ಒಂದೆರಡು ಬೈಯಿ ಅತ್ತೆ ಅಂತ ಕೇಳಿಕೊಂಡೆ.

‘ಬೈದ್ರೆ ನಿಂಗೆ ಸಮಾಧಾನ ಆಯ್ತದೆ’ ಅಂದರು. ‘ಅದ್ಕೇ ಬೈಯಲ್ಲ.’

ಸಂಜೆ ಟೆಂಪೋ ಬಂತು. ವಿಷಯ ತಿಳಿದು ಹೆಂಗಸರು ಕೆಂಡವಾದರು. ಆ ಊರಿನವರನ್ನು ಶಪಿಸಲು ಶುರು ಮಾಡಿದವರನ್ನು ಅತ್ತೆಯೇ ತಡೆದರು. ಅವರದೇನು ತಪ್ಪು? ಅವರ ರಾಗಿಗೂ ಇವತ್ತೇ ಅವಸರ, ನಮ್ಮ ಹುಳಕ್ಕೂ ಇವತ್ತೇ ಅವಸರ. ಅವರು ಒಳ್ಳೆಯವರು, ನಾವೂ ಒಳ್ಳೆಯವರು, ಆ ಫೋನಿನ ಹುಡುಗಿಯೂ ಒಳ್ಳೆಯವಳು. ಇಷ್ಟೊಂದು ಒಳ್ಳೆಯವರು ಸೇರಿ ಒಂದು ಮನೆ ಬೆಳೆ ಹಾಳು ಮಾಡಿದರು ಅಂದರೆ ತಪ್ಪು ಲೆಕ್ಕದಲ್ಲಿದೆ. ನಮ್ಮ ದಿನಕ್ಕೆ ಬೆಲೆ ಕಟ್ಟುವುದು ನಾವೇ. ಅದನ್ನು ಬಿಟ್ಟುಕೊಟ್ಟರೆ ಆಮೇಲೆ ಎಷ್ಟು ಆಳು ಬಂದರೂ ಒಂದೇ, ಬರದಿದ್ದರೂ ಒಂದೇ. ಮೂಲೆಮನೆ ಚಿಕ್ಕಮ್ಮ ಈ ಸಲ ಎದುರು ಮಾತಾಡಲಿಲ್ಲ. ನಾಳೆ ರಾಮನಗರಕ್ಕೆ ಹೋಗಿ ಬಿಟ್ಟುಬಂದುಬಿಡಕ್ಕ ಅಂದರು.

ಬರೆಯಲು ಒಬ್ಬ ಬೇಕು ಅಂತ ನನ್ನನ್ನು ಕರೆದುಕೊಂಡು ಹೋದರು. ಗೂಡಿನ ಮಾರುಕಟ್ಟೆಯ ಆಚೆ ಬೀದಿಯಲ್ಲಿ ಮಹಡಿ ಮೇಲೆ ಒಂದು ಕೋಣೆ, ಅದೇ ಆಫೀಸು. ಸಂಯೋಜಕರು ಕಾಫಿ ತರಿಸಿದರು, ನಮ್ಮ ಬೆಳೆ ಹೋದದ್ದಕ್ಕೆ ನಿಜವಾಗಿ ನೊಂದುಕೊಂಡರು. ಆದರೆ ಒಂದು ತೊಡಕಿದೆ ಅಂದರು. ನಿಯಮದ ಪುಸ್ತಕ ತೆಗೆದು ತೋರಿಸಿದರು. ಸೇರುವುದಕ್ಕೆ ಅರ್ಜಿ ಇದೆ, ಬಿಡುವುದಕ್ಕೆ ಅರ್ಜಿಯೇ ಇಲ್ಲ. ಬಿಡುತ್ತಾರೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಸಮಿತಿ ಸೇರಬೇಕು, ನಾಲ್ಕೂ ತಾಲ್ಲೂಕು ಒಪ್ಪಬೇಕು, ಅಲ್ಲಿಯವರೆಗೆ ನೀವು ಒಳಗೇ.

ಅತ್ತೆ ನಾವು ಸೇರುವಾಗ ಕೊಟ್ಟಿದ್ದ ಅರ್ಜಿ ಎಲ್ಲಿದೆ ಅಂತ ಕೇಳಿದರು. ಸಂಯೋಜಕರು ಫೈಲಿನಿಂದ ತೆಗೆದು ಕೊಟ್ಟರು. ಎಲೆಅಡಿಕೆ ಎಡದಿಂದ ಬಲಕ್ಕೆ, ಅಷ್ಟು ನಿಧಾನವಾಗಿ ಹೋದದ್ದನ್ನು ನಾನು ಮತ್ತೆ ನೋಡಿಲ್ಲ. ಅತ್ತೆ ಕಾಗದವನ್ನು ಮೇಜಿನ ಮೇಲಿಟ್ಟು ತಿರುಗಿಸಿದರು. ಹಿಂದೆ ಖಾಲಿ.

‘ಸಾರ್, ಸೇರಿದ್ದು ಆ ಮಗ್ಗುಲು. ಬುಟ್ಟಿದ್ದು ಈ ಮಗ್ಗುಲು. ನೀ ಬರಿ ಕಣ್ಲಾ.’

ನಾನು ಬರೆದೆ. ‘ನಮ್ಮೂರಿನ ಸಂಘದವರು ಇಂದಿನಿಂದ ಒಕ್ಕೂಟವನ್ನು ಬಿಟ್ಟಿದ್ದೇವೆ’ ಅಂತ ಬರೆಯಬೇಕಿತ್ತು. ನಾನು ‘ಬಿಟ್ಟಿ ಇದ್ದೇವೆ’ ಅಂತ ಬರೆದಿದ್ದೆ. ಸಂಯೋಜಕರು ಓದಿ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದರು. ಏನಂತ ಐತೆ ಅಂತ ಅತ್ತೆ ನನ್ನ ಕೈಲೇ ಓದಿಸಿದರು.

‘ಬಿಟ್ಟಿ ಇಲ್ಲ ಅಂತ ಹೇಳಕ್ಕೇ ಕಣ್ಲಾ ಬಂದಿರೋದು’ ಅಂದರು. ‘ಹೊಡ್ದಾಕು.’

ಹೊಡೆದು ಹಾಕಿ, ಮೇಲೆ ಸರಿಯಾಗಿ ಬರೆದೆ. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹಳದಿ ಬಿಲ್ಲೆಗಳನ್ನೆಲ್ಲ ಮೇಜಿನ ಮೇಲೆ ಸುರಿದರು. ಸಂಯೋಜಕರು ಕೊನೆಯದಾಗಿ ಒಂದು ಮಾತು ಹೇಳಿದರು, ಬೆದರಿಸಿ ಅಲ್ಲ, ಕನಿಕರದಿಂದಲೇ: ನೀವು ಹೊರಗೆ ಹೋದರೆ ಮಾಗಡಿಯಲ್ಲಿ ನಿಮ್ಮ ಮಗಳಿಗೂ ಆಳು ನಿಲ್ಲುತ್ತದೆ ಅಮ್ಮ. ಗೊತ್ತು ಸಾರ್ ಅಂದರು ಅತ್ತೆ. ಮೆಟ್ಟಿಲು ಇಳಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೆಟ್ಟ ನೋಡುತ್ತಿದ್ದರು. ಕೆಂಗಲ್ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

‘ಮಗ್ಳಿಗೆ ಒಂದ್ ಫೋನ್ ಮಾಡ್ಬೇಕು ಕಣ್ಲಾ. ಕರೆನ್ಸಿ ಐತಾ?’

ಇರಲಿಲ್ಲ. ಹಲವು ದೇಶಗಳ ಕರೆನ್ಸಿಯನ್ನು ಒಂದು ಮಾಡಲು ಹೊರಟವನ ಫೋನಿನಲ್ಲಿ ಆವತ್ತು ಕರೆನ್ಸಿ ಇರಲಿಲ್ಲ. ಅತ್ತೆ ಆಗ ನಕ್ಕರು. ಮಹಡಿಯ ಮೇಲೆ ತಡೆದಿಟ್ಟುಕೊಂಡಿದ್ದದ್ದೆಲ್ಲ ಸೇರಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಕಂಡಕ್ಟರ್ ತನ್ನ ಫೋನ್ ಕೊಟ್ಟ. ಇನ್ನು ಮೇಲೆ ಆಳು ಬರಕ್ಕಿಲ್ಲ, ನಾನೇ ಬತ್ತೀನಿ ಅಂತ ಮಗಳಿಗೆ ಹೇಳಿದರು. ಹೋದರು ಕೂಡ. ಎಂಟು ದಿನ ಮಾಗಡಿಯಲ್ಲಿ ಬಗ್ಗಿ ಕಳೆ ಕಿತ್ತು ಬಂದರು. ಆ ಎಂಟು ದಿನಕ್ಕೆ ಯಾವ ಊರಲ್ಲೂ ಚಕ್ರವಿಲ್ಲ, ಬಿಲ್ಲೆಯಿಲ್ಲ. ಅದಾದ ಮೇಲೆ ಮೊಳೆಯಿಂದ ಚೀಲ ಇಳಿಸಿದರು, ಸೊಟ್ಟ ಚಕ್ರಗಳು ಮತ್ತೆ ಬೀದಿಗೆ ಬಂದವು, ಹುಳ ಹಣ್ಣಾದ ದಿನ ಮತ್ತೆ ಒಂದೂವರೆ ಆಯಿತು.

ಹೋದ ತಿಂಗಳು ಅವರ ತಿಥಿ. ಹನ್ನೊಂದನೆಯ ದಿನ ಇಡೀ ಊರು ಕೆಲಸ ಹಂಚಿಕೊಂಡಿತ್ತು. ನನಗೆ ಸಾರು ಬಡಿಸುವ ಕೆಲಸ. ಬಕೆಟ್ ಹಿಡಿದು ಮೊದಲ ಪಂಕ್ತಿಗೆ ಹೋದೆ. ಮೂರನೇ ಎಲೆಯ ಮುಂದೆ ಕೂತಿದ್ದವರು ಆ ಸಂಯೋಜಕರು. ಸುದ್ದಿ ಕೇಳಿ ಅಷ್ಟು ದೂರದಿಂದ ಬಂದಿದ್ದರು. ನಮಸ್ಕಾರ ಸಾರ್ ಅಂತ ಕೈ ಮುಗಿದೆ. ಆ ಕೈಯಲ್ಲಿ ಸಾರಿನ ಸೌಟು ಇದೆ ಅನ್ನುವುದು ಅವರ ಬಿಳಿ ಅಂಗಿ ಕೆಂಪಾದ ಮೇಲೆ ಗೊತ್ತಾಯಿತು.

ಊಟವಾದ ಮೇಲೆ ಅವರು ಹೆಂಗಸರ ಹತ್ತಿರ ಕೂತು, ಅಂಗಿಯ ಕಲೆಯನ್ನು ಮುಚ್ಚಿಕೊಂಡೇ ಅತ್ತೆಯನ್ನು ಹೊಗಳಿದರು. ಆಮೇಲೆ ಮೆಲ್ಲಗೆ, ಈಗ ಬಿಲ್ಲೆಯೂ ಇಲ್ಲ, ಎಲ್ಲ ಫೋನಿನ ಆ್ಯಪಿನಲ್ಲೇ, ನಾಲ್ಕು ತಾಲ್ಲೂಕಿನ ಊರುಗಳೆಲ್ಲ ಬಂದಿವೆ, ನೀವೊಬ್ಬರೇ ಉಳಿದಿದ್ದೀರಿ ಅಂದರು. ಸೇರುವುದಾದರೆ ಇದು ಸಮಯ. ನನ್ನ ಕಡೆ ನೋಡಿ, ನೀವು ಓದಿದವರು, ನೀವೇ ಹೇಳಿ ಅಂದರು.

ನಾನು ಎದ್ದೆ. ಹೆಂಗಸರು ದಿಗಿಲಿನಿಂದ ನೋಡಿದರು. ನನ್ನ ಭಾಷಣದ ಖರ್ಚು ಅವರಿಗೆ ಗೊತ್ತಿತ್ತು.

‘ಸಾರ್, ನಮ್ಮೂರ ಹುಳ ಹಣ್ಣಾದ ದಿನ ಆ ದಿನದ ಬೆಲೆ ಏರಿಸೋದು ಯಾರು?’

ಸಂಯೋಜಕರು ಸುಳ್ಳು ಹೇಳುವವರಲ್ಲ. ಅದು ಸಮಿತಿ ಅಂದರು.

‘ಸಮ್ತಿ ಕೂರೋ ಹೊತ್ಗೆ ಹುಳ ತೊಲೆ ಮ್ಯಾಲಿರ್ತದೆ’ ಅಂದರು ಮೂಲೆಮನೆ ಚಿಕ್ಕಮ್ಮ. ‘ನಾವ್ ಒಬ್ರೇ ಉಳ್ಕಂಡಿದ್ರೆ ಉಳ್ಕತೀವಿ ಬುಡಿ ಸಾರ್. ಒಸಿ ಮಜ್ಜಿಗೆ ಕುಡ್ಕಂಡ್ ಹೋಗಿ.’

ಮಜ್ಜಿಗೆ ಕುಡಿದು ಅವರು ಹೊರಟರು. ಆಮೇಲೆ ಚೀಲದ ಮಾತು ಬಂತು. ಅದನ್ನು ಇನ್ನು ಯಾರು ನೋಡಿಕೊಳ್ಳಬೇಕು? ನಾನು ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದು ನಿಂತೆ. ಯಾರೂ ಗಮನಿಸಲಿಲ್ಲ. ಅತ್ತೆ ಸಾಯುವುದಕ್ಕೆ ಮುಂಚೆಯೇ ಹೇಳಿಬಿಟ್ಟಿದ್ದರಂತೆ, ಆವತ್ತು ಡೈರಿ ಸಭೆಯಲ್ಲಿ ತಮ್ಮನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದವಳ ಕೈಗೇ ಕೊಡಿ ಅಂತ. ಅತ್ತೆಯ ಮಗಳು ಚೀಲ ತಂದು ಮೂಲೆಮನೆ ಚಿಕ್ಕಮ್ಮನ ಮಡಿಲಿಗೆ ಇಟ್ಟಳು. ಚಿಕ್ಕಮ್ಮ ಅದರೊಳಗೆ ಕೈ ಹಾಕಿ ತಡಕಾಡಿದರು. ಒಂದು ಚಕ್ರ, ಇನ್ನೊಂದು ಚಕ್ರ, ಆಮೇಲೆ ಒಂದು ಹೋಳು. ನನ್ನದು. ಇಷ್ಟು ವರ್ಷ ಅತ್ತೆ ಅದನ್ನು ಎಸೆದಿರಲಿಲ್ಲ.

ನಾನು ಪರ್ಸಿನಿಂದ ನನ್ನ ಹೋಳು ತೆಗೆದು, ಕೈ ಚಾಚಿದೆ. ಎರಡೂ ಸೇರಿದರೆ ಒಂದಾಗುತ್ತಿತ್ತು.

ಚಿಕ್ಕಮ್ಮ ನನ್ನ ಕೈ ನೋಡಿದರು. ಮೂರನೇ ಎಲೆಯ ಸುತ್ತ ನೆಲದ ಮೇಲೆ ಚೆಲ್ಲಿದ್ದ ಸಾರು ನೋಡಿದರು. ಹೋಳನ್ನು ವಾಪಸ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

‘ಇಲ್ಲೇ ಇರ್ಲಿ ಕಣ್ಲಾ’ ಅಂದರು.

ನನಗೆ ಬೇಸರವಾಗಲಿಲ್ಲ. ನನ್ನ ಬೆಲೆ ಅರ್ಧ ಅಂತ ಯಾವ ಸಮಿತಿಯೂ ಹೇಳಿರಲಿಲ್ಲ, ನನ್ನನ್ನು ಕಣ್ಣಾರೆ ಕಂಡವರು ಹೇಳಿದ್ದರು. ಹೋಳನ್ನು ಪರ್ಸಿಗೆ ಸೇರಿಸಿ, ಬಕೆಟ್ ಎತ್ತಿಕೊಂಡು ಎರಡನೇ ಪಂಕ್ತಿಗೆ ನಡೆದೆ. ದಿನ ಇನ್ನೂ ಅರ್ಧ ಉಳಿದಿತ್ತು.